ಐರ್ಲೆಂಡಿನ ವೋಟಿಗೆ ನಾನು ಕೊಟ್ಟ ಉತ್ತರ

ಕೊಲ್ಲಿ ದೇಶದಲ್ಲಿ, ಬುದಯ್ಯ ಎಂಬ ಊರಿನ ಶಾಲೆಯೊಂದರ ಆಫೀಸಿನಲ್ಲಿ ನಾನಿದ್ದಾಗ ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವಳು ಐರ್ಲೆಂಡಿನ ಒಬ್ಬ ಟೀಚರ್. ಒಳ್ಳೆಯ ಹೆಂಗಸು. ಆದರೆ ಅವಳ ದೇಶದಲ್ಲಿ ಸಂವಿಧಾನ ತಿದ್ದಲು ಜನರ ವೋಟು ಕೇಳುತ್ತಾರೆಂದು ಗೊತ್ತಾದ ದಿನದಿಂದ ನನ್ನ ಊಟದ ಹೊತ್ತು ಹಾಳಾಯಿತು.

ಹೆಂಗಸು ಮನೆಯೊಳಗೆ ಬಾಳುವುದೇ ದೇಶಕ್ಕೆ ಆಸರೆ ಎಂಬ ಹಳೆಯ ಮಾತೊಂದು ಅವರ ಸಂವಿಧಾನದಲ್ಲಿ ಇದೆಯಂತೆ. ಅದನ್ನು ತೆಗೆದು, ಮನೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕೆ ಬೆಂಬಲ ಕೊಡಲು ಸರಕಾರ 'ಪ್ರಯತ್ನಿಸತಕ್ಕದ್ದು' ಎಂದು ಬರೆಯುವ ಯೋಜನೆ. ತಿದ್ದಲೇಬೇಕು ಎನ್ನುತ್ತಿದ್ದರೂ, ವರ್ಷಗಟ್ಟಲೆ ಪರದೇಶದಲ್ಲಿದ್ದ ಇವಳಿಗೆ ವೋಟಿಲ್ಲ. ವೋಟಿದ್ದದ್ದು ಊರಲ್ಲಿದ್ದ ತಾಯಿಗೆ. ನಡೆಯಲಾಗದ, ಮಾತು ಬಾರದ ನಡುವಯಸ್ಸಿನ ಮಗನನ್ನು ಆಕೆ ಒಬ್ಬಳೇ ನೋಡಿಕೊಳ್ಳುತ್ತಿದ್ದಳು.

ದಿನಾ ಫೋನು, ಅದೂ ಸ್ಪೀಕರಿನಲ್ಲಿ.

"ಅಮ್ಮಾ, ಆ ಹಳೇ ಮಾತು ಉಳಿಯಬೇಕಾ?" ಎಂದು ಮಗಳು.

"ಅದು ಹೋಗಲಿ. ಆದರೆ ಪ್ರಯತ್ನ ಅಂದರೇನು? ನಾಳೆ ಕೋರ್ಟಿಗೆ ಹೋದರೆ, ಪ್ರಯತ್ನಪಟ್ಟೆವು ಅಂತ ಕೈ ತೊಳೆದುಕೊಳ್ಳುತ್ತಾರೆ. ನಾನು ಬೇಡ ಅಂತಲೇ ಹಾಕುವವಳು."

ಒಂದು ದಿನ ಫೋನಿಟ್ಟವಳೇ ನನ್ನ ಕಡೆ ತಿರುಗಿದಳು. "ನೀನಾಗಿದ್ದರೆ ಏನು ಹಾಕುತ್ತಿದ್ದೆ?"

ಆ ಬೆಳಿಗ್ಗೆ ಜಿಂಜ್‌ನಲ್ಲಿದ್ದ ನಮ್ಮ ಮನೆಯಲ್ಲಿ, ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಮೀಯಿಸಿ, ಗಂಜಿ ಉಣಿಸಿ, ಬಸ್ಸು ತಪ್ಪಿ, ತಡವಾಗಿ ಬಂದದ್ದಕ್ಕೆ ಬೈಸಿಕೊಂಡಿದ್ದೆ. ನಾಲಿಗೆ ತಡೆಯಲಿಲ್ಲ.

"ನಮ್ಮ ಕಡೆ ಈ 'ಪ್ರಯತ್ನ'ಕ್ಕೆ 'ನೋಡುವ' ಅಂತಾರೆ. ನೋಡುವ ಅಂದರೆ ಆಗುವುದಿಲ್ಲ ಅಂತ. ಅಮ್ಮನಿಗೆ ಸ್ವಲ್ಪ ಉಣಿಸಿ ಅಂದರೆ ನನ್ನ ಗಂಡ ಹೇಳುವುದೂ ಅದನ್ನೇ. ನಾನೂ ಬೇಡ ಅಂತಲೇ ಹಾಕುತ್ತಿದ್ದೆ."

ಅವಳು ಡಬ್ಬಿ ಮುಚ್ಚಿ ಎದ್ದು ಹೋದಳು. ಎರಡು ವಾರ ಮಾತಿಲ್ಲ. ದೇಶ ನನ್ನದಲ್ಲ, ಕಾನೂನು ನನ್ನದಲ್ಲ, ವೋಟೂ ನನ್ನದಲ್ಲ. ಜಗಳ ಮಾತ್ರ ನನ್ನ ತಲೆಗೆ!

ತಿದ್ದುಪಡಿ ಬಿದ್ದುಹೋಯಿತು. ಮರುದಿನ ಬಂದು ನನ್ನೆದುರು ನಿಂತಳು. "ಖುಷಿಯಾಯಿತಾ?"

"ನನಗೆಂಥ ಖುಷಿ ಮಾರಾಯ್ತಿ? ಹೊಸದು ಬರಲಿಲ್ಲ, ಹಳೆಯದು ಹೋಗಲಿಲ್ಲ."

ಅವಳಿಗೂ ನಗು ಬಂತು. ಮತ್ತೆ ಒಟ್ಟಿಗೆ ಉಂಡೆವು. ಆದರೂ ತನ್ನ ಅಮ್ಮ ಮಾಡಿದ್ದು ತಪ್ಪು ಎನ್ನುವುದನ್ನು ಅವಳು ಬಿಡಲಿಲ್ಲ.

ಕೆಲವು ತಿಂಗಳ ಮೇಲೆ ಆ ತಾಯಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಇವಳು ರಜೆ ಹಾಕಿ ಓಡಿದಳು. ಹತ್ತು ದಿನ ಕಳೆದು ಫೋನು ಮಾಡಿದಳು. "ತಮ್ಮನನ್ನು ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಯಿತು. ಸಹಾಯಕ್ಕೆ ಯಾರನ್ನಾದರೂ ಕಳಿಸುತ್ತೇವೆ ಅಂದರು ಸರಕಾರದವರು, ಒಬ್ಬರೂ ಬರಲಿಲ್ಲ. ಅಮ್ಮ ಇಷ್ಟು ವರ್ಷ ಹೇಗೆ ಮಾಡಿದಳು?"

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಅದು ಹೋಗಿ ಬಿದ್ದದ್ದು ಗಂಡನ ಮೇಲೆ.

"ನಾಳೆಯಿಂದ ಬೆಳಗ್ಗಿನ ಗಂಜಿ ನಿಮ್ಮದು. ನಾನು ಬಸ್ಸು ಹಿಡಿಯಬೇಕು," ಎಂದೆ.

ಮರುದಿನ ಅವರು ಗಂಜಿಯನ್ನು ಬಿಸಿಬಿಸಿಯಾಗಿಯೇ ತಾಯಿಯ ಬಾಯಿಗಿಟ್ಟರು. ಅತ್ತೆ ಗಟ್ಟಿಯಾಗಿ ಬೈದರು. ನಾನು ಒಳಗೆ ಹೋಗಲಿಲ್ಲ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದೆ.