ವಲ್ಲಿಯ ಕೆಳಗಿನ ದರ

ಮೇ ೨೪, ಭಾನುವಾರ, ಸಂಜೆ ಐದೂ ನಲವತ್ತು. ಮೂಡಲಗಿಯ ಬಸ್ ನಿಲ್ದಾಣದಲ್ಲಿ ಕೂತು ಇದನ್ನು ಬರೆಯಲು ಹಿಡಿದಿದ್ದೇನೆ. ಎರಡು ಬಸ್ಸು ಬಿಟ್ಟಾಯಿತು. ಪುಸ್ತಕ ತೊಡೆಯ ಮೇಲಿದೆ, ಅಕ್ಷರ ಸೊಟ್ಟ ಬಿದ್ದರೆ ಕ್ಷಮೆಯಿರಲಿ.

ನನಗೆ ಎಲ್ಲವನ್ನೂ ಬರೆದಿಡುವ ಚಟ. ಮನೆಗೆ ಬಂದ ಹಾಲು, ಕೌಜಲಗಿಯ ಬಸ್ಸು ತಡವಾದ ನಿಮಿಷ, ಅವ್ವ ನನ್ನನ್ನು ಬೈದ ಸಲ, ಎಲ್ಲಕ್ಕೂ ತಾರೀಖು ಇದೆ. ಈ ಚಟ ಕಂಡೇ ಇರಬೇಕು, ಹೊರದೇಶದ ಕಂಪನಿಯೊಂದು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳಲ್ಲಿ ತನ್ನ ಆ್ಯಪು ಹಬ್ಬಿಸುವ ಕೆಲಸ ನನಗೆ ಕೊಟ್ಟಿತು. ಎತ್ತಿನ ಫೋಟೊ, ವಯಸ್ಸು ತಿಳಿಸುವ ಹಲ್ಲು, ದರ ಹಾಕಿದರೆ ಸಾಕು, ಮೂರು ತಾಲ್ಲೂಕಿನ ರೈತರೆಲ್ಲ ಮನೆಯಲ್ಲಿ ಕೂತೇ ನೋಡಬಹುದು. ಸಂತೆಯಿಂದ ಸಂತೆಗೆ ದನ ಹೊಡೆದುಕೊಂಡು ಅಲೆಯುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ನಾನು ಮನಸಾರೆ ನಂಬಿದ್ದೆ. ಮೊದಲು ಹಾಕಿದ್ದು ಮಸಗುಪ್ಪಿಯ ನಮ್ಮ ಅಡಿವೆಪ್ಪ ಕಾಕಾನ ಎತ್ತಿನ ಜೋಡಿಯನ್ನೇ.

ಕಾಕಾನ ಮೊಣಕಾಲು ಕೈಕೊಟ್ಟಿದೆ. ನೇಗಿಲ ಹಿಂದೆ ನಡೆಯಲಾರ. ಬಿತ್ತನೆಗೆ ಮೊದಲು ಜೋಡಿ ಒಳ್ಳೆಯ ಮನೆಗೆ ಹೋಗಬೇಕು. ನಾಳೆ ರೋಹಿಣಿ ಮಳೆ ಹುಟ್ಟುತ್ತದೆ. ಆಮೇಲೆ ಎತ್ತು ಬೇಕಾದವರು ಕೊಂಡು ಮುಗಿಸಿರುತ್ತಾರೆ. ಇಂದಿನ ಮೂಡಲಗಿ ಸಂತೆಯೇ ಕಡೆಯದು.

ದನದ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಹೆಗಲಿನ ವಲ್ಲಿ, ಅಂದರೆ ಟವೆಲು, ಮುಚ್ಚಿ, ಇಷ್ಟು ಸಾವಿರವೆಂದು ಬೆರಳು ಹಿಡಿದು ಕೇಳುತ್ತಾರೆ, ಬೆರಳು ಬಿಟ್ಟು ಒಲ್ಲೆ ಎನ್ನುತ್ತಾರೆ. ಕಂಪನಿಯ ತರಬೇತಿಯಲ್ಲಿ ಇದನ್ನು ಮೋಸದ ಮೂಲವೆಂದು ತೋರಿಸಿದ್ದರು. ದಲಾಲರು ವಲ್ಲಿಯ ಮರೆಯಲ್ಲಿ ಆಟವಾಡುವುದೂ ಉಂಟು, ಇಲ್ಲವೆನ್ನುವುದಿಲ್ಲ. ದರ ಬಯಲಲ್ಲಿ ಇರಲಿ ಎಂದು ನಾನೂ ಊರೂರಲ್ಲಿ ಭಾಷಣ ಮಾಡಿದ್ದೆ. ಹೆಣ್ಣುಮಗಳ ಕೈಯನ್ನು ವಲ್ಲಿಯ ಕೆಳಗೆ ಯಾರೂ ಹಿಡಿಯುವುದಿಲ್ಲವಾದ್ದರಿಂದ ಅದರ ಒಳಗೇನಿದೆಯೆಂದು ನನಗೆ ಗೊತ್ತಿರಲಿಲ್ಲ ಅನ್ನಿ.

ಕಾಕಾನ ಜೋಡಿ ಆ್ಯಪಿನಲ್ಲಿ ನಿಂತು ಇಪ್ಪತ್ತು ದಿನವಾಗಿತ್ತು. ಕಾಕಾ ಕೇಳಿದ ದರವೂ ಆ ಇಪ್ಪತ್ತು ದಿನವೂ ನೋಡಿದವರಿಗೆಲ್ಲ ಒಟ್ಟಿಗೇ ಕಾಣುತ್ತಿದ್ದವು. ಇಂದು ಬೆಳಿಗ್ಗೆ ಸಂತೆಗೆ ಕಾಲಿಟ್ಟಾಗಲೇ ಒಬ್ಬ ದಲಾಲ ನಕ್ಕ. "ಏನ್ರಿ ಅಡಿವೆಪ್ಪಣ್ಣಾ, ನಿಮ್ಮ ಎತ್ತು ಫೋನಿನ್ಯಾಗ ನಿಂತ ನಿಂತ ಕಾಲ ನೋಯಿಸ್ಕೊಂಡಾವೇನ?"

ಅವನ ಬಾಜೂ ನಿಂತವನು ಸೇರಿಸಿದ. "ಇಪ್ಪತ್ತ ದಿನಾ ಯಾರೂ ಒಯ್ದಿಲ್ಲಂದ್ರ ಏನರೆ ಐಬ ಇರಬೇಕಲ್ರಿ."

ಆಮೇಲೆ ಬಂದವರು ಒಬ್ಬರೂ ವಲ್ಲಿ ತೆಗೆಯಲಿಲ್ಲ. ಫೋನಿನ ದರದಿಂದ ಕೆಳಗಿಳಿದು, ಎಲ್ಲರೆದುರು ಬಾಯಲ್ಲೇ ಕೇಳಿದರು. ಕಾಕಾ ಎತ್ತಿನ ಬೆನ್ನು ಸವರುತ್ತ ನಿಂತ. ಹನ್ನೆರಡಾಯಿತು, ಎರಡಾಯಿತು. ಕೊಂಡವರು ಗಾಡಿ ಹತ್ತಿಸತೊಡಗಿದರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಹೋದರೆ ಮುಖ ನೋಡದೆ ಅಂದ, "ಯವ್ವಾ, ಕೊಡದಿದ್ರ ಹೊಳ್ಳಿ ಹೊಡಕೊಂಡ ಹೋಗಬೇಕು. ಹೊಡಕೊಂಡ ಹೋಗಿ ಯಾರ ಕೈಲೆ ಹೂಡಸಲಿ?"

ಆಗ ನನಗೆ ಹೊಳೆಯಿತು. ವಲ್ಲಿಯ ಕೆಳಗೆ ಮುರಿದ ವ್ಯವಹಾರ ಮುರಿದದ್ದೇ ಯಾರಿಗೂ ತಿಳಿಯುವುದಿಲ್ಲ. ಒಬ್ಬ ಒಲ್ಲೆನೆಂದು ಹೋದರೆ ಮುಂದಿನವನು ಹೊಸದಾಗಿ ಬೆರಳು ಹಿಡಿಯುತ್ತಾನೆ. ಎತ್ತಿಗೆ ಹೆಸರು ಕೆಡುವುದಿಲ್ಲ, ಒಡೆಯನ ತಲೆ ತಗ್ಗುವುದಿಲ್ಲ. ದೂರದಿಂದ ಬರುವ ಕಂಪನಿಗಳು ನಮ್ಮ ರಸ್ತೆ, ಸಿಗ್ನಲ್ಲು, ಫೋನುಗಳ ಸಂಖ್ಯೆ ಎಲ್ಲ ಎಣಿಸಿಕೊಂಡೇ ಬರುತ್ತವೆ. ಮರ್ಯಾದೆಯನ್ನು ಎಣಿಸುವ ಬಗೆ ಅವರಿಗೂ ಗೊತ್ತಿಲ್ಲ, ಎಣಿಕೆಯ ಹುಚ್ಚಿಯಾದ ನನಗೂ ಗೊತ್ತಿರಲಿಲ್ಲ.

ಮೂರರ ಹೊತ್ತಿಗೆ ಹುಕ್ಕೇರಿ ಕಡೆಯ ರೈತರೊಬ್ಬರು ಬಂದರು. ಕೈಯಲ್ಲಿ ನಮ್ಮದೇ ಆ್ಯಪು. "ಫೋಟೊ ನೋಡಿ ಬಂದೇನ್ರಿ. ಇಲ್ಲಾಂದ್ರ ಮಸಗುಪ್ಪಿ ಎತ್ತು ನನಗ ಎಲ್ಲಿ ಕಾಣತಿದ್ವು?" ಫೋನು ಕಂಡದ್ದೇ ಕಾಕಾನ ಮುಖ ಕಲ್ಲಾಯಿತು. ಇವರೂ ಬಾಯಿ ತೆರೆದು ಅಂಕಿ ಆಡಿದರೆ ಕಾಕಾ ಹಗ್ಗ ಬಿಚ್ಚಿಕೊಂಡು ಹೊರಟೇಬಿಡುವನು.

ಅವರು ಹಲ್ಲು ನೋಡಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಫೋನನ್ನು ಜೇಬಿಗಿಳಿಸಿದರು. "ಅದರ ಮಾತು ಅದಕ್ಕಿರಲಿ. ಬರ್ರಿ ಅಣ್ಣಾರ, ಕೈ ಕೊಡ್ರಿ," ಎಂದು ಹೆಗಲ ವಲ್ಲಿ ತೆಗೆದರು.

ಬಟ್ಟೆ ಅಲುಗಿತು, ನಿಂತಿತು. ಒಮ್ಮೆ ಕಾಕಾ ಕೈ ಹೊರಗೆಳೆದ. ಅವರು ನಗುತ್ತ ಮತ್ತೆ ಹಿಡಿದರು. ಕಡೆಗೆ ಕಾಕಾ, "ಹೊಡಕೊಂಡ ಹೋಗ್ರಿ. ಬಲಗಡೀದಕ್ಕ ಚಾಟಿ ತೋರಸಬ್ಯಾಡ್ರಿ, ಮಾತು ಕೇಳತೈತಿ," ಎಂದು ಹಗ್ಗ ಅವರ ಕೈಗಿಟ್ಟ.

ಅವರು ಹೋದ ಮೇಲೆ ಆ್ಯಪು ನನ್ನನ್ನು ಕೇಳಿತು: ಮಾರಾಟದ ದರ ನಮೂದಿಸಿ. ನಾನು ಕಾಕಾನನ್ನು ಕೇಳಿದೆ.

"ನಿಮ್ಮ ಕಾಕೂಗೂ ಹೇಳಾಂವಲ್ಲ ನಾ," ಅಂದ. ಬೆಳಗಿನಿಂದ ಮೊದಲ ಸಲ ನಕ್ಕ. "ಖುಷಿ ಅದೇನಿ ಅಂತ ಬರಿ."

ಹಾಗೆ ಬರೆಯಲು ಅಲ್ಲಿ ಜಾಗವಿಲ್ಲ. ಅಂಕಿ ಮಾತ್ರ ಹಿಡಿಸುತ್ತದೆ. ದರ ತುಂಬದಿದ್ದರೆ ಕಂಪನಿಯ ಲೆಕ್ಕದಲ್ಲಿ ನನ್ನ ಮೊದಲ ಮಾರಾಟ ಮಾರಾಟವೇ ಅಲ್ಲ. ಹುಕ್ಕೇರಿಯವರನ್ನು ಮೂಡಲಗಿಗೆ ಕರೆತಂದದ್ದು ಆ್ಯಪೇ ಎಂಬುದೂ ಅಷ್ಟೇ ಖರೆ. ಕರೆತಂದ ಮೇಲೆ, ದರದ ಹೊತ್ತಿಗೆ ಅತ್ತ ಮುಖ ತಿರುಗಿಸಿ ನಿಲ್ಲುವುದನ್ನು ಅದಕ್ಕೆ ಯಾರಾದರೂ ಕಲಿಸಬೇಕು. ನಾಳೆ ಕಂಪನಿಗೆ ಇದನ್ನೇ ಬರೆಯುತ್ತೇನೆ. ಕೆಲಸ ಉಳಿಯುವುದೋ ಇಲ್ಲವೋ ಕಾಣೆ.

ಫೋನಿಗೂ ಒಂದು ವಲ್ಲಿ ಹೊದಿಸುವ ಉಪಾಯ ಬಲ್ಲವರಿದ್ದರೆ, ನಿಮ್ಮ ಕಡೆಯ ಸಂತೆಗಳಲ್ಲಿ ಇಂಥ ಬೇರೆ ರೂಢಿಗಳಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ಯಾರ ಜೋಡಿ ಎಷ್ಟಕ್ಕೆ ಹೋಯಿತೆಂದು ಮಾತ್ರ ಬರೆಯಬೇಡಿ.