ವೈರಿಯ ಹೇಸರಗತ್ತೆ

ಸೆಫ್ರೂ ಊರಿನ ಯಹೂದ್ಯರ ಕೇರಿಯಲ್ಲಿ ಮಖ್ಲೂಫನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಭಾನುವಾರ ಹೇಸರಗತ್ತೆಯ ಮೇಲೆ ಸೂಜಿ, ಬಾಚಣಿಗೆ, ಮೆಣಸು ಹೇರಿಕೊಂಡು ಬೆಟ್ಟದ ಹಳ್ಳಿಗಳಿಗೆ ಹೊರಟರೆ, ಶುಕ್ರವಾರ, ಮರುದಿನದ ವಿಶ್ರಾಂತಿಯ ಹಬ್ಬವಾದ ಸಬ್ಬತ್ತಿನ ಅಡುಗೆ ಒಲೆಗೇರುವ ಹೊತ್ತಿಗೆ ಮನೆ. ಬದುಕೆಲ್ಲ ಹಾದಿಯಲ್ಲೇ ಸವೆಯಿತು. ಹಾದಿಯುದ್ದಕ್ಕೂ ಅವನ ಜೊತೆಗಿದ್ದದ್ದು ಒಂದು ಹಗೆ.

ಒಂಬತ್ತು ವರ್ಷದ ಹಿಂದೆ ಹಳ್ಳ ದಾಟುವಾಗ ಅವನ ಹೇಸರಗತ್ತೆ ಹೊರೆಯಡಿ ಕುಸಿದಿತ್ತು. ಅದೇ ಕೇರಿಯ, ಅದೇ ವ್ಯಾಪಾರದ ಅಮ್ರಾಮ್, ಆ ಕಲ್ಲೆದೆಯವನು, ಕಂಡೂ ಕಾಣದವನಂತೆ ಪಕ್ಕದಲ್ಲೇ ಹಾದುಹೋದ. ಪ್ರಾಣಿ ಮುಳುಗಿ ಸತ್ತಿತು. ಸತ್ತದ್ದು ಬರೀ ಪ್ರಾಣಿಯಲ್ಲ, ಇವನ ಅನ್ನ. ಅವತ್ತಿನಿಂದ ಮಖ್ಲೂಫನಿಗೆ ಒಂದೇ ಆಸೆ: ಅಮ್ರಾಮನ ಪ್ರಾಣಿಯೂ ಬೀಳಬೇಕು, ತಾನೇ ಅದನ್ನೆತ್ತಿ, 'ನಾನು ನಿನ್ನಂಥವನಲ್ಲ' ಎಂದು ಮುಖಕ್ಕೆ ಉಗಿದಂತೆ ಹೇಳಬೇಕು.

ಸಬ್ಬತ್ತಿನ ಪಾಠದಲ್ಲಿ ಕೇರಿಯ ಧರ್ಮಗುರು ರಬ್ಬಿ ಯಯೀಶರು ಅದಕ್ಕೂ ಕಲ್ಲು ಹಾಕಿದರು.

"ವೈರಿ ಕತ್ತೆ ಹೊರೆಯಡಿ ಬಿದ್ದಿದ್ರೆ ಎತ್ತು ಅಂತ ದೇವರು ಯಾಕೆ ಹೇಳಿದ? ಕತ್ತೆಗೆ ನೋವಾಗ್ತದೆ, ಅದೊಂದು ಕಾರಣ. ನಿನ್ನ ಮನಸ್ಸು ಬಗ್ಗಲಿ ಅಂತ, ಅದು ಇನ್ನೊಂದು."

"ಎತ್ತಿ, ಆಮೇಲೆ ನಾಲ್ಕು ಮಾತು ಅನ್ನಬಹುದಲ್ವಾ ಗುರುಗಳೇ?" ಎಂದ ಮಖ್ಲೂಫ.

"'ನಾನು ನಿನ್ನಂಥವನಲ್ಲ' ಅಂದ್ಯೋ, ಅದೂ ಹಗೆ ಇಟ್ಕೊಂಡ ಹಾಗೇ. ನಿಷಿದ್ಧ. ಬಾಯಿ ಮುಚ್ಕೊಂಡು ಎತ್ತು."



ಚೆರ್ರಿ ಹಣ್ಣಿನ ಕಾಲದಲ್ಲಿ, ಹಾಡುಹಗಲೇ, ಅದು ನಡೆದೇ ಹೋಯಿತು. ಇಳಿಜಾರಿನಲ್ಲಿ ಅಮ್ರಾಮನ ಹೇಸರಗತ್ತೆ ಹೊರೆಸಮೇತ ಬಿದ್ದಿತ್ತು. ಅವನು ಒಬ್ಬನೇ ಹಗ್ಗ ಜಗ್ಗುತ್ತ ಬೆವರುತ್ತಿದ್ದ. ಮಖ್ಲೂಫನನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

ಮಖ್ಲೂಫ ಗಂಟು ಬಿಚ್ಚಿದ, ಹೊರೆ ಇಳಿಸಿದ, ಪ್ರಾಣಿಯನ್ನು ಎಬ್ಬಿಸಿ ಮತ್ತೆ ಹೇರಿ ಬಿಗಿದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

"ಬಯ್ಯೋ," ಎಂದ ಅಮ್ರಾಮ್. "ಆ ಹಳ್ಳದ ವಿಷಯ ನೀನು ಮರೆತಿಲ್ಲ, ನಂಗೊತ್ತು. ಒಂಬತ್ತು ವರ್ಷದಿಂದ ನಂಗೂ ಅದು ಚುಚ್ತಾನೇ ಇದೆ. ನಾಲ್ಕು ಬೈದುಬಿಡು ಮಾರಾಯ, ನಿನ್ನ ದಮ್ಮಯ್ಯ!"

ಮಖ್ಲೂಫ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೈದರೆ ಇವನಿಗೆ ಸಮಾಧಾನವಾಗಿಬಿಡುತ್ತದೆ! ಪ್ರಾಣಿಯ ನೋವು ಕಳೆಯುವುದು ತನ್ನ ಕರ್ತವ್ಯ, ಸರಿ. ಇವನ ನೋವನ್ನೂ ಕಳೆಯಬೇಕೆಂದು ರಬ್ಬಿ ಹೇಳಿರಲಿಲ್ಲ.

"ಬಯ್ಯೋ ಹಾಗಿಲ್ಲ ಕಣೋ," ಎಂದ, ತಣ್ಣಗೆ. "ನಿಷಿದ್ಧ."

ತನ್ನ ಹೇಸರಗತ್ತೆಯನ್ನು ಹೊಡೆದುಕೊಂಡು ಹೊರಟಾಗ, ಹಿಂದಿನಿಂದ ಅಮ್ರಾಮ್ ಬಿಕ್ಕುವುದು ಕೇಳುತ್ತಿತ್ತು. ಮಖ್ಲೂಫನ ಮನಸ್ಸು ಎಳ್ಳಷ್ಟೂ ಬಗ್ಗಿರಲಿಲ್ಲ. ಅಷ್ಟು ಸುಖವಾಗಿ ಅವನು ಆ ಬೆಟ್ಟವನ್ನು ಯಾವತ್ತೂ ಇಳಿದಿರಲಿಲ್ಲ.