ಗೆರೆ ಕಾಣದ ಬಾಟಲಿ

ಸಣ್ಣ ವಿಮಾನ ಬಿದ್ದರೆ ಪೈಲಟ್‌ನದೇ ತಪ್ಪು ಎಂದು ಐದು ನಿಮಿಷ ಸಾಧಿಸುವುದು ನನ್ನ ಕೆಲಸವಾಗಿತ್ತು. ವಿಮಾನವನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಚರ್ಚಾಸ್ಪರ್ಧೆಗೆ ಅದೇನೂ ಅಡ್ಡಿಯಲ್ಲ. ಗಜೇಂದ್ರಗಡದಲ್ಲಿ ಗೆದ್ದರೆ ನಮ್ಮ ರೋಣದ ಕಾಲೇಜು ಮುಂದಿನ ಸುತ್ತಿಗೆ. ಎದುರಾಳಿಗಳು ನರಗುಂದದವರು; ಹಿಂದಿನ ವರ್ಷ ನನ್ನನ್ನು ಸೋಲಿಸಿದವರೂ ಅವರೇ.

ನನ್ನ ವಾದ ಇಷ್ಟು. ಟ್ಯಾಂಕಿಗೆ ನೀರು ಸೇರಿದರೆ ಎಂಜಿನ್ ಆಕಾಶದಲ್ಲೇ ನಿಲ್ಲುತ್ತದೆ. ಅದಕ್ಕೇ ಹಾರುವ ಮೊದಲು ಪೈಲಟ್ ಟ್ಯಾಂಕಿನ ತಳದಿಂದ ತುಸು ಇಂಧನವನ್ನು ಗಾಜಿನ ಕೊಳವೆಗೆ ಇಳಿಸಿಕೊಂಡು ನೋಡಬೇಕು. ನೀರು ಕೆಳಗೆ, ಇಂಧನ ಮೇಲೆ, ನಡುವೆ ಗೆರೆ. ಇಷ್ಟಾಗಿಯೂ ಬಿದ್ದವನು ಕುರುಡ, ಇಲ್ಲವೇ ಮೈಗಳ್ಳ. ತೀರ್ಪುಗಾರರಿಗೆ ತೋರಿಸಲೆಂದು ಖಾಲಿ ಟಾನಿಕ್ ಬಾಟಲಿಯೊಂದನ್ನು ತೊಳೆದು ಒಣಗಿಸಿ ಚೀಲಕ್ಕೆ ಹಾಕಿಕೊಂಡಿದ್ದೆ.

ಸ್ಪರ್ಧೆಯ ದಿನ ಬೆಳಿಗ್ಗೆ ನನ್ನನ್ನು ಗಜೇಂದ್ರಗಡಕ್ಕೆ ಕರೆದೊಯ್ಯುತ್ತಿದ್ದ ಕಾಕಾನ ಹಳೆಯ ಬೈಕು ದಾರಿಯಲ್ಲಿ ಸೂಡಿ ಹತ್ತಿರ ಕೆಮ್ಮಿ ನಿಂತಿತು. ಹಿಂದಿನ ದಿನ ಕಾಕಾ ಟ್ಯಾಂಕಿನ ಮುಚ್ಚಳ ಸರಿಯಾಗಿ ಹಾಕದೆ ಪೈಪು ಹಿಡಿದು ಬೈಕನ್ನು ತೊಳೆದಿದ್ದ.

“ಪೆಟ್ರೋಲನ್ಯಾಗ ನೀರ ಹೋಗೇತಿ ತಗೋ,” ಅಂದ.

“ಪುರಾವೆ ಏನೈತಿ?”

“ಪುರಾವೆ ಇಲ್ಲೇ ನಿಂತೈತೆಲಾ, ಎರಡ ಗಾಲಿ ಮ್ಯಾಲ.”

ಇಂಥ ಪುರಾವೆಗೆಲ್ಲ ಬಗ್ಗುವವಳಲ್ಲ ನಾನು. ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಲು ಹೇಳಿ ಬಾಟಲಿ ಹಿಡಿದೆ. ಅದರೊಳಗೆ ಇಳಿದದ್ದನ್ನು ಬಿಸಿಲಿಗೆ ಎತ್ತಿ ನೋಡಿದರೆ ತಿಳಿಯಾಗಿ ಫಳಫಳ ಹೊಳೆಯಿತು.

“ನೋಡ ಕಾಕಾ, ಗೆರಿ ಇಲ್ಲ. ಗೆರಿ ಇಲ್ಲಂದ್ರ ನೀರಿಲ್ಲ. ಪ್ಲಗ್ ಬಿಚ್ಚ.”

“ನಿನ್ನ ಜೋಡಿ ಮಾತಾಡಿ ಗೆದ್ದಾವ್ರು ಯಾರದಾರ,” ಎಂದು ಗೊಣಗುತ್ತ ಕಾಕಾ ಪ್ಲಗ್ ಬಿಚ್ಚಿದ, ಉಜ್ಜಿದ, ಊದಿದ, ಮತ್ತೆ ಹಾಕಿದ. ಕಿಕ್ ಹೊಡೆದೇ ಹೊಡೆದ. ಅಂಗಿ ಬೆನ್ನಿಗೆ ಅಂಟಿತು. ನಾನು ಪಕ್ಕದಲ್ಲಿ ನಿಂತು ಕಾರಣ-ಪರಿಣಾಮ ವಿವರಿಸುತ್ತಿದ್ದೆ.

ಕೊನೆಗೆ ಅವನು ಕುಡಿಯುವ ನೀರು ತೆಗೆದು, ಎರಡು ಗುಟುಕು ಕುಡಿದು, ಉಳಿದದ್ದರಲ್ಲಿ ತುಸು ನನ್ನ ಬಾಟಲಿಗೆ ಸುರಿದ.

“ಕಾಕಾ, ತಲಿ ಕೆಟ್ಟೈತೇನ?”

“ತಡಿಯವಾ. ಈಗರ ನಿನ್ನ ಗೆರಿ ಮೂಡ್ತೈತೇನ ನೋಡೂಣು.”

ಮೂಡಲಿಲ್ಲ. ಸುರಿದ ನೀರು ಸದ್ದಿಲ್ಲದೆ ಕಲೆತುಹೋಯಿತು.

“ಒಳಗ ಎರಡ ಜಿನಸ ಇದ್ರ ನಡುವ ಗೆರಿ. ಮೊದಲಿಂದ ಬರೇ ನೀರ ಇದ್ರ ಎಲ್ಲಿಂದ ಬರಬೇಕ?”

ಗೆರೆಯ ವಿಷಯ ಸಿಕ್ಕ ಪುಸ್ತಕದಲ್ಲೇ, ಬಣ್ಣ, ವಾಸನೆಯನ್ನೂ ನೋಡಬೇಕೆಂಬ ಮುಂದಿನ ಸಾಲನ್ನು ನಾನು ಓದಿದ್ದೆ. ವಾದಕ್ಕೆ ಉಪಯೋಗವಿಲ್ಲವೆಂದು ಬಿಟ್ಟಿದ್ದೆ.

ಟ್ಯಾಂಕಿನ ತಳದ ನೀರನ್ನೆಲ್ಲ ರಸ್ತೆ ಬದಿಗೆ ಹರಿಸಿದ ಮೇಲೆ ಬೈಕು ಹೊರಟಿತು. ಸಭಾಂಗಣ ಮುಟ್ಟಿದಾಗ ನನ್ನ ಸರದಿ ಕೂಗುತ್ತಿದ್ದರು. ಐದು ನಿಮಿಷ ಗುಡುಗಿದೆ. ಆಮೇಲೆ ನರಗುಂದದ ಹುಡುಗಿ ಎದ್ದು ಕೇಳಿದಳು: “ಗಾಜಿನಲ್ಲಿ ನೋಡಿದ ಮೇಲೂ ಪೈಲಟ್ ಮೋಸಹೋಗಲು ಸಾಧ್ಯವೇ?”

“ಸಾಧ್ಯ,” ಅಂದೆ. “ಕೊಳವೆಯಲ್ಲಿ ಬರೀ ನೀರೇ ಇದ್ದರೆ ಗೆರೆ ಕಾಣುವುದಿಲ್ಲ. ಇವತ್ತು ಬೆಳಿಗ್ಗೆ ನಾನೇ ನೋಡಿ, ನೀರಿಲ್ಲ ಎಂದು ಸಾಧಿಸಿದೆ.”

ಸಭೆ ನಕ್ಕಿತು. ತೀರ್ಪುಗಾರರು, ನಾನು ನನ್ನ ಪಕ್ಷವನ್ನೇ ಬಿಟ್ಟುಕೊಟ್ಟೆನೆಂದು ಹೇಳಿ, ನರಗುಂದವನ್ನು ಮುಂದಿನ ಸುತ್ತಿಗೆ ಕಳಿಸಿದರು.

“ಇಲ್ಲ ಅಂತ ಒಂದ ಮಾತ ಅನ್ನಾಕ ಏನಾಗಿತ್ತ ನಿನಗ?” ನಮ್ಮ ಕಾಲೇಜಿನ ಮೇಡಂ ಸಿಡುಕಿದರು.

ಅನ್ನಬಹುದಿತ್ತು. ವೇದಿಕೆಯ ಮೇಲೆ ಸುಳ್ಳು ಹೇಳುವುದು ನನಗೆ ಎಂದೂ ಕಷ್ಟವಾದದ್ದಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕಾಕಾ ಬಲಗಾಲಿನ ಮೀನಖಂಡ ಒತ್ತಿಕೊಳ್ಳುತ್ತ ಕೂತಿದ್ದ.